ಪಿನ್ ಹಾಕಿದ್ದು ಮನೆಗೆ, ಸೊಳ್ಳೆ ಇದ್ದದ್ದು ಬೇರೆಲ್ಲೋ

ಡೆಂಗಿ ಸೊಳ್ಳೆಯ ಲಾರ್ವಾ, ಅಂದರೆ ನೀರಲ್ಲಿರುವ ಸೊಳ್ಳೆಮರಿ ಹುಳ, ಹುಡುಕುವ ಮೊದಲ ದಿನದ ಸರ್ವೆಯನ್ನು ಮ್ಯಾಪ್ ಮೇಲೆ ಹಾಕಿ ನೋಡಿದಾಗ ನನಗೆ ನಗು ಬಂತು. ಆಶಾ ಕಾರ್ಯಕರ್ತೆಯೊಬ್ಬರು 42 ಮನೆ ನೋಡಿದ್ದರು, ಮ್ಯಾಪಿನಲ್ಲಿ ಚುಕ್ಕೆ ಮಾತ್ರ ಒಂದೇ. ದೊಡ್ಡದು ಮಾಡಿ ನೋಡಿದರೆ ಎಲ್ಲಾ ಒಂದರ ಮೇಲೊಂದು ಕೂತಿವೆ. ಫೋನ್ ಮಾಡಿ ಕೇಳಿದೆ. "ಹಗಲು ಪುಸ್ತಕದಾಗೆ ಬರ್ಕಂಡೆ ಸಾರ್, ರಾತ್ರಿ ಊಟ ಆದ್ಮೇಲೆ ಮನೇಲಿ ಕೂತು ಮೊಬೈಲಿಗೆ ಹಾಕಿದೆ" ಅಂದರು. ಮೊಬೈಲು ತಾನಿರುವ ಜಾಗಕ್ಕೇ ಮ್ಯಾಪಿನಲ್ಲಿ ಗುರುತಿನ ಪಿನ್ ಹಾಕುತ್ತದೆ. ಅಂದರೆ ಆ 42 ಮನೆಗಳೂ ಅವರ ನಡುಮನೆಗೆ ಬಂದು ಕೂತಿದ್ದವು! ಅವರನ್ನು ಬೈಯುವ ಹಾಗಿಲ್ಲ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಡ್ರಮ್ಮಿನ ಮುಚ್ಚಳ, ಮೇಲೆ ಬಿಸಿಲು. ಮೊಬೈಲ್ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರಬೇಕು?

ನಾನು ದಾವಣಗೆರೆಯ ಹಳೇ ಊರಿನ ಕಡೆ ಕೆಲಸ ಮಾಡುವ ಆರೋಗ್ಯ ನಿರೀಕ್ಷಣಾಧಿಕಾರಿ. ಇದು 2024ರ ಮಾತು. ಆ ವರ್ಷ ರಾಜ್ಯದಲ್ಲಿ ಡೆಂಗಿ ಎಷ್ಟು ಜೋರಾಗಿತ್ತು ಅಂದರೆ, ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಜಾಗದ ಮಾಲೀಕರಿಗೆ ದಂಡ ಹಾಕುವ ನಿಯಮ ತಂದಿತು.

ಹಿಂದೆ ನಮ್ಮ ಕೆಲಸ ಪೂರಾ ಕಾಗದದ ಮೇಲೆ. ರೋಗಗಳ ಮೇಲೆ ಕಣ್ಣಿಡಲು 2004ರಲ್ಲಿ ಶುರುವಾದ ಐಡಿಎಸ್‌ಪಿ ಯೋಜನೆಯಲ್ಲಿ ಮೂರು ಫಾರ್ಮ್ ಇದ್ದವು. ಫೀಲ್ಡಿನವರು ತುಂಬುವುದು ಎಸ್, ಡಾಕ್ಟರು ತುಂಬುವುದು ಪಿ, ಲ್ಯಾಬಿನವರದು ಎಲ್. ವಾರಕ್ಕೊಮ್ಮೆ ಕಳಿಸಿದರೆ ಆಯಿತು. ಮಂಗಳವಾರ ಬಂದ ಜ್ವರದ ಸುದ್ದಿ ಮೇಲೆ ಹೋಗುವಷ್ಟರಲ್ಲಿ ರೋಗಿ ಗುಣವಾಗಿ ಕೆಲಸಕ್ಕೆ ಹೋಗುತ್ತಿದ್ದ. 2021ರಲ್ಲಿ ದೇಶದ ತುಂಬಾ ಐಎಚ್‌ಐಪಿ ಅನ್ನುವ, ಆನ್‌ಲೈನಿನಲ್ಲೇ ರೋಗದ ವರದಿ ಹಾಕುವ ಪೋರ್ಟಲ್ ಬಂತು. ಈಗ ಲ್ಯಾಬಿನವರು ಹಾಕಿದ ದಿನವೇ ಕೇಸ್ ನಮಗೆ ಕಾಣುತ್ತದೆ.

ಬೇಗ ಬಂದರೆ ಸಾಲದಲ್ಲ. ವಿಳಾಸದ ಕಡೆ ನೋಡಿದರೆ "ದಾವಣಗೆರೆ" ಅಂತಷ್ಟೇ ಇರುತ್ತದೆ. ಕೊಟ್ಟ ನಂಬರಿಗೆ ಫೋನ್ ಮಾಡಿದರೆ ರೋಗಿಯನ್ನು ಆಸ್ಪತ್ರೆಗೆ ಕರೆತಂದ ಆಟೋದವನು ಎತ್ತುತ್ತಾನೆ. ಇದರಲ್ಲೇ ಒಂದೆರಡು ದಿನ ಹೋಗುತ್ತಿತ್ತು. ಡೆಂಗಿಯಲ್ಲಿ ಒಂದೆರಡು ದಿನ ಅಂದರೆ ಸಣ್ಣದಲ್ಲ. ಸೊಳ್ಳೆ ಕಚ್ಚಿದ 4ರಿಂದ 10 ದಿನಕ್ಕೆ ಜ್ವರ ಬರುತ್ತದೆ. ಜ್ವರ ಬಂದು ಎರಡು ಮೂರು ದಿನ ಮಾತ್ರೆ ನುಂಗಿಕೊಂಡು ಇದ್ದು, ಆಮೇಲೆ ಜನ ಟೆಸ್ಟಿಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಮೊಟ್ಟೆಯಿಂದ ಇನ್ನೊಂದು ತಲೆಮಾರಿನ ಸೊಳ್ಳೆ ಎದ್ದು ಹಾರಾಡುತ್ತಿರುತ್ತದೆ.

ಅದಕ್ಕೇ ನಾವೇ ಒಂದು ಸಣ್ಣ ಫಾರ್ಮ್ ಮಾಡಿಕೊಂಡೆವು. ಕೊಬೊ ಅಂತ ಒಂದು ಉಚಿತ ಆಪ್ ಇದೆ, ನೆಟ್‌ವರ್ಕ್ ಇಲ್ಲದಿದ್ದರೂ ತುಂಬಬಹುದು, ಸಿಗ್ನಲ್ ಸಿಕ್ಕಾಗ ಕಳಿಸಿದರಾಯಿತು. ಉತ್ಸಾಹದಲ್ಲಿ ನಾನು 24 ಪ್ರಶ್ನೆ ಹಾಕಿದ್ದೆ. ಎರಡೇ ದಿನಕ್ಕೆ ಆಶಾಗಳ ಮುಖ ನೋಡಿ 6ಕ್ಕೆ ಇಳಿಸಿದೆ. ಫೋಟೋ ತೆಗೆಯುವುದನ್ನೂ ಬಿಟ್ಟೆವು, ಸುಮ್ನೆ ಡೇಟಾ ಖರ್ಚು. ಹೊಸಲಿನ ಮುಂದೆ ನಿಂತೇ ಪಿನ್ ಹಾಕಬೇಕು, ಉಳಿದದ್ದನ್ನು ಬೇಕಾದರೆ ಮನೆಗೆ ಹೋಗಿ ತುಂಬಿ ಅಂತ ಮಾತಾಯಿತು. ಇಕ್ಕಟ್ಟಿನ ಓಣಿಯಲ್ಲಿ ಪಿನ್ ಕೆಲವೊಮ್ಮೆ ಹಿಂದಿನ ಬೀದಿಗೆ ಜಿಗಿಯುತ್ತದೆ. ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಜಾಸ್ತಿ ದೂರ ಹೋಗಲ್ಲ, ಆದರೆ ಹಿಂದಿನ ಬೀದಿಗೆ ಹೋಗದಷ್ಟು ಸೋಮಾರಿಯೂ ಅಲ್ಲ.

ಇಷ್ಟೆಲ್ಲಾ ಮಾಡಿದರೂ ಸೆಪ್ಟೆಂಬರಿನಲ್ಲಿ ಮ್ಯಾಪ್ ನೋಡಿದರೆ ಏನೂ ಹೊಳೆಯಲಿಲ್ಲ. 9 ಕೇಸ್, 5 ಬೀದಿ, ಒಂದಕ್ಕೊಂದು ಸಂಬಂಧವೇ ಇಲ್ಲ. ಆ ಮನೆಗಳ ಸುತ್ತ ಲಾರ್ವಾ ಹುಡುಕಿದರೆ ಅಂಥದ್ದೇನೂ ಸಿಗಲಿಲ್ಲ. ನಮ್ಮಲ್ಲೊಬ್ಬ ಹಳಬರು, ಮೊಬೈಲ್ ಕಂಡರೆ ಆಗದವರು, ಚಹಾ ಕುಡಿಯುತ್ತಾ ಅಂದರು: "ಇದು ಹಗಲು ಕಚ್ಚೋ ಸೊಳ್ಳೆ. ನೀವು ಜನ ರಾತ್ರಿ ಮಲಗೋ ಜಾಗಕ್ಕೆ ಪಿನ್ ಹಾಕ್ತಿದೀರಿ."

ಇದು ನನಗೆ ಗೊತ್ತಿಲ್ಲದ್ದಲ್ಲ. ಎಷ್ಟು ಶಾಲೆಯಲ್ಲಿ ನಾನೇ ಭಾಷಣ ಮಾಡಿದ್ದೆನೋ! ಆದರೂ ಫಾರ್ಮ್ ಮಾಡುವಾಗ ನೆನಪಾಗಿರಲಿಲ್ಲ. ಅವತ್ತೇ ಏಳನೇ ಪ್ರಶ್ನೆ ಸೇರಿಸಿದೆ: "ಜ್ವರ ಬರುವ ಮುಂಚಿನ ಹತ್ತು ದಿನ ಹಗಲು ಹೊತ್ತು ಎಲ್ಲಿದ್ರಿ?" ಒಂಬತ್ತೂ ಮನೆಗೆ ಮತ್ತೆ ಹೋದೆವು. ಆರು ಜನ ಒಂದೇ ಹೊಲಿಗೆ ಘಟಕದ ಹೆಸರು ಹೇಳಿದರು.

ಘಟಕ ಚೊಕ್ಕಟವಾಗೇ ಇತ್ತು. ಪಕ್ಕದಲ್ಲಿ ಅರ್ಧಕ್ಕೆ ನಿಂತ ಒಂದು ಕಾಂಪ್ಲೆಕ್ಸ್. ಅದರ ಲಿಫ್ಟಿನ ಗುಂಡಿಯಲ್ಲಿ ಮೊಣಕಾಲುದ್ದ ತಿಳಿನೀರು. ಟಾರ್ಚ್ ಬಿಟ್ಟರೆ ಅಲ್ಲಿ ಹುಳಗಳ ಜಾತ್ರೆ. ಗುಂಡಿಗೂ ಹೊಲಿಗೆ ಮಿಷನ್ನುಗಳ ಸಾಲಿಗೂ ನಡುವೆ ಒಂದು ಕಿಟಕಿ, ಸೆಕೆಗೆ ಅಂತ ಹಗಲೆಲ್ಲಾ ತೆರೆದೇ ಇರುತ್ತಿತ್ತು.

ಮಾಲೀಕರು ಬಂದವರೇ "ಫಾಗಿಂಗ್ ಮಾಡ್ಸಿಬಿಡಿ ಸಾರ್" ಅಂದರು. ಎಲ್ಲರೂ ಕೇಳುವುದು ಅದನ್ನೇ. ಹೊಗೆ ಕಣ್ಣಿಗೆ ಕಾಣುತ್ತದೆ, ಸದ್ದು ಮಾಡುತ್ತದೆ, ಏನೋ ಕೆಲಸ ನಡೆದಂಗೆ ಅನ್ನಿಸುತ್ತದೆ. ಅದು ಹಾರುವ ಸೊಳ್ಳೆಗೆ ಮಾತ್ರ, ನೀರಲ್ಲಿರುವ ಹುಳಕ್ಕೆ ಏನೂ ಆಗಲ್ಲ. ಹೊಸ ನಿಯಮದಲ್ಲಿ ಊರೊಳಗಿನ ಇಂಥ ಕಟ್ಟಡಕ್ಕೆ 2000 ರೂಪಾಯಿ ದಂಡ. ಆ ಮಾತು ಎತ್ತಿದ ಮೇಲೆ ಅದೇ ಸಂಜೆ ಪಂಪ್ ಬಂತು.

ಆಮೇಲೂ ಎರಡು ವಾರ ಅಲ್ಲಿಂದ ಒಂದೆರಡು ಕೇಸ್ ಬಂದವು, ಅದು ನಿರೀಕ್ಷೆ ಇದ್ದದ್ದೇ. ನಂತರ ನಿಂತವು. ಅಷ್ಟರಲ್ಲಿ ಮಳೆಯೂ ಕಡಿಮೆಯಾಗಿತ್ತು, ಹಾಗಾಗಿ ಪೂರ್ತಿ ಹೆಸರನ್ನು ನಮ್ಮ ಮ್ಯಾಪಿಗೆ ಕೊಡಲ್ಲ.

ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ ಹೇಳಬೇಕು. ಶುರುವಿನಲ್ಲಿ ರೋಗಿಗಳ ಹೆಸರಿದ್ದ ಮ್ಯಾಪಿನ ಸ್ಕ್ರೀನ್‌ಶಾಟನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಸಂಜೆಯೊಳಗೆ ಅದು ಎಲ್ಲೆಲ್ಲೋ ಓಡಾಡಿ, ಒಂದು ಹುಡುಗಿಗೆ "ಟ್ಯೂಷನ್ನಿಗೆ ಬರಬೇಡ" ಅನ್ನುವ ಮಟ್ಟಕ್ಕೆ ಹೋಯಿತು. ಡೆಂಗಿ ಪಕ್ಕದಲ್ಲಿ ಕೂತರೆ ಅಂಟಲ್ಲ ಅಂತ ಟ್ಯೂಷನ್ ಮನೆಗೆ ಹೋಗಿ ಹೇಳಿ ಬಂದೆ. ಆ ಹುಡುಗಿಯ ಅಮ್ಮ ನನ್ನ ಜೊತೆ ಮಾತೇ ಆಡಲಿಲ್ಲ. ಅವತ್ತಿಂದ ಮ್ಯಾಪಿನಲ್ಲಿ ನಂಬರ್ ಮಾತ್ರ, ಹೆಸರು ನನ್ನ ರಿಜಿಸ್ಟರಿನಲ್ಲಿ.

ಇನ್ನು ಮನೆಗಳ ವಿಷಯ. ಹುಳ ಸಿಕ್ಕ ಮನೆಗಳನ್ನು ಕೆಂಪು ಮಾಡಿದಾಗ ಒಂದು ಸಂಗತಿ ಎದ್ದು ಕಂಡಿತು. ನಲ್ಲಿ ನೀರು ತಡವಾಗಿ ಬರುವ ಓಣಿಗಳೇ ಜಾಸ್ತಿ ಕೆಂಪು. ಎಂಟು ದಿನಕ್ಕೊಮ್ಮೆ ನೀರು ಬಂದರೆ ಜನ ಡ್ರಮ್, ತೊಟ್ಟಿ, ಕೊಡ, ಸಿಕ್ಕಿದ್ದರಲ್ಲೆಲ್ಲಾ ತುಂಬಿಡುತ್ತಾರೆ. ತುಂಬಿಡದೆ ಇನ್ನೇನು ಮಾಡಬೇಕು? ಮೊಟ್ಟೆ ಹುಳವಾಗಿ ಸೊಳ್ಳೆಯಾಗಲು ಹಿಡಿಯುವುದೂ ಹೆಚ್ಚೂಕಡಿಮೆ ಅಷ್ಟೇ ದಿನ. ಅಂಥವರಿಗೆ "ವಾರಕ್ಕೊಮ್ಮೆ ನೀರು ಚೆಲ್ಲಿ" ಅಂದರೆ ಪೊರಕೆ ತಗೋತಾರೆ. ಚೆಲ್ಲುವುದಿದ್ದರೆ ಹೊಸ ನೀರು ಬರುವ ಹಿಂದಿನ ದಿನವೇ ಚೆಲ್ಲಿಸಬೇಕು. ಬರೀ ಚೆಲ್ಲಿದರೂ ಸಾಲದು, ನೀರಿನ ಅಂಚಿನ ಗೆರೆಯಲ್ಲಿ ಮೊಟ್ಟೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ. ಉಜ್ಜಬೇಕು.

ಅದಕ್ಕೆ ಓಣಿಗೊಂದು ಪಟ್ಟಿ ಮಾಡಿ, ಹಿಂದಿನ ದಿನ ಬೆಳಿಗ್ಗೆ ಅಲ್ಲಿನ ಆಶಾ ದನಿಯಲ್ಲೇ ವಾಯ್ಸ್ ಮೆಸೇಜ್ ಕಳಿಸತೊಡಗಿದೆವು: "ನಾಳೆ ನೀರು ಬರುತ್ತೆ, ಇವತ್ತು ಡ್ರಮ್ ಉಜ್ಜಿ ಬೋರಲು ಹಾಕಿ." ನಾನು ಟೈಪ್ ಮಾಡಿ ಕಳಿಸುತ್ತಿದ್ದ ಉದ್ದುದ್ದ ಸೂಚನೆಗಳನ್ನು ಯಾರೂ ಓದುತ್ತಿರಲಿಲ್ಲ. ಗೊತ್ತಿರುವ ದನಿಯನ್ನು ಕೇಳುತ್ತಾರೆ. ಎರಡನೇ ವಾರವೇ ಒಬ್ಬ ಅಜ್ಜಿಯಿಂದ ವಾಯ್ಸಿನಲ್ಲೇ ಉತ್ತರ ಬಂತು: "ನಿನ್ನ ಮಾತು ಕೇಳಿ ಇದ್ದ ನೀರೆಲ್ಲಾ ಚೆಲ್ಲಿ ಕುಂತೀನಿ, ಇವತ್ತು ನಲ್ಯಾಗೆ ಹನಿ ನೀರಿಲ್ಲ. ಒಂದ್ ಕೊಡ ನೀನೇ ತಂದು ಕೊಡು."

ಆಶಾ ಎರಡು ಕೊಡ ಹೊತ್ತುಕೊಂಡು ಹೋಗಿ ಕೊಟ್ಟು ಬಂದರು. ಮಾರನೇ ದಿನ ನಾವು ಮೊದಲು ಮಾಡಿದ ಕೆಲಸ, ಆ ಓಣಿಗೆ ನೀರು ಬಿಡುವ ವಾಲ್ವ್‌ಮನ್ನನ್ನು ಗುಂಪಿಗೆ ಸೇರಿಸಿದ್ದು.