ಪ್ಲೂಟೊ ಹಿಂದೆ ನಕ್ಷತ್ರ ಮಂಕಾಗುವಾಗ: ಬೆಳಕಿನ ರೇಖೆಯ ತಳ ಹಿಡಿಯುವ ಕೆಲಸ

ಗಾಳಿಯಿಲ್ಲದ ಕ್ಷುದ್ರಗ್ರಹ ಅಡ್ಡ ಬಂದರೆ ನಕ್ಷತ್ರ ತಟ್ಟನೆ ಆರಿಹೋಗುತ್ತದೆ. ಪ್ಲೂಟೊ ಬಂದಾಗ ಮೆಲ್ಲಗೆ ಮಂಕಾಗುತ್ತದೆ. ಅನಿಲ ಬೆಳಕನ್ನು ನುಂಗುವುದರಿಂದ ಹೀಗಾಗುವುದಲ್ಲ. ಕೆಳಗಿಳಿದಷ್ಟೂ ಅನಿಲ ದಟ್ಟ, ಅಲ್ಲಿ ಹಾಯುವ ಕಿರಣ ಹೆಚ್ಚು ಬಾಗುತ್ತದೆ. ಕಿರಣಗಳು ಒಂದರಿಂದೊಂದು ದೂರ ಸರಿದು ನಮ್ಮನ್ನು ತೆಳುವಾಗಿ ತಲುಪುತ್ತವೆ. ಕ್ಷಣಕ್ಷಣದ ಬೆಳಕನ್ನು ಗುರುತಿಸಿ ಎಳೆದ ಗೆರೆಯೇ ಬೆಳಕಿನ ರೇಖೆ; ಅದರ ಇಳಿಜಾರಿನಲ್ಲೇ ಪ್ಲೂಟೊ ವಾಯುಮಂಡಲದ ಒತ್ತಡ, ಉಷ್ಣತೆ ಎರಡೂ ಅಡಗಿವೆ.

ನಕ್ಷತ್ರದ ಬೆಳಕಿನಲ್ಲಿ ಭೂಮಿಯ ಮೇಲೆ ಬೀಳುವ ಪ್ಲೂಟೊ ನೆರಳು ಸೆಕೆಂಡಿಗೆ 24 ಕಿ.ಮೀ. ಓಡುತ್ತಿದ್ದರೆ, ಸುಮಾರು 60 ಕಿ.ಮೀ. ಸ್ಕೇಲ್ ಹೈಟ್ (ಒತ್ತಡ ಸುಮಾರು ಮೂರನೇ ಒಂದಕ್ಕೆ ಇಳಿಯುವ ಎತ್ತರ) ದಾಟಲು ಎರಡೂವರೆ ಸೆಕೆಂಡು ಸಾಕು. 40 ಸೆಂ.ಮೀ. ದೂರದರ್ಶಕ, 13ನೇ ಕಾಂತಿಮಾನದ (ಅಂಕಿ ದೊಡ್ಡದಾದಷ್ಟೂ ಮಂಕು) ನಕ್ಷತ್ರ ಇದ್ದಾಗ ನಾನು ಫಿಲ್ಟರ್ ಇಲ್ಲದೆ 0.2 ಸೆಕೆಂಡಿನ ಎಕ್ಸ್‌ಪೋಶರ್ ಇಡುತ್ತೇನೆ: ಒಂದು ಫ್ರೇಮ್‌ಗೆ ಸುಮಾರು 5 ಕಿ.ಮೀ. ಬೆಳಕಿನ ಅಳತೆಯನ್ನು ಕ್ಯಾಮೆರಾ ತಾನೇ ತಿದ್ದುವ ಆಟೋ ಗೇನ್, ಗಾಮಾ, ಕಂಪ್ರೆಶನ್ ಎಲ್ಲ ಬಂದ್. ಲ್ಯಾಪ್‌ಟಾಪ್ ಗಡಿಯಾರವನ್ನು ನಂಬುವುದಿಲ್ಲ. ಜಿಪಿಎಸ್ ಸಮಯ ಪ್ರತಿ ಫ್ರೇಮ್‌ಗೂ ಬೀಳಬೇಕು. ಚಿತ್ರವನ್ನು ಸಾಲುಸಾಲಾಗಿ ಹಿಡಿಯುವ ರೋಲಿಂಗ್ ಶಟರ್ ಕ್ಯಾಮೆರಾ ಆದರೆ ನಕ್ಷತ್ರ ಯಾವ ಸಾಲಿನಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ.

ಹೆಚ್ಚಿನ ರೇಖೆಗಳು ಕೆಡುವುದು ತಳದಲ್ಲಿ. ಪ್ಲೂಟೊ ಅಡ್ಡ ಬರುವ ರಾತ್ರಿ ನಕ್ಷತ್ರ, ಪ್ಲೂಟೊ, ಅದರ ಉಪಗ್ರಹ ಕ್ಯಾರನ್ ಮೂರೂ ಒಂದೇ ಚುಕ್ಕೆ. ಪ್ಲೂಟೊ-ಕ್ಯಾರನ್ ಜೋಡಿಯ ಕಾಂತಿಮಾನ 14.4, ನಕ್ಷತ್ರದ್ದು 13 ಇದ್ದರೆ ಒಟ್ಟು ಬೆಳಕಿನ ಶೇ 22ರಷ್ಟು ನಕ್ಷತ್ರದ್ದೇ ಅಲ್ಲ. ಪ್ಲೂಟೊ ಹಿಂದೆ ನಕ್ಷತ್ರದ ಬೆಳಕು ಪೂರ್ತಿ ಸೊನ್ನೆಗೂ ಇಳಿಯುವುದಿಲ್ಲ. ಆದ್ದರಿಂದ ರೇಖೆಯ ಅತಿ ಕೆಳಗಿನ ಬಿಂದುವನ್ನೇ ಸೊನ್ನೆ ಎಂದುಕೊಂಡರೆ ಕೆಳಪದರದ ಲೆಕ್ಕವೆಲ್ಲ ತಪ್ಪುತ್ತದೆ. 1988ರ ಜೂನ್ 9ರಂದು ಕೈಪರ್ ವಿಮಾನ ವೀಕ್ಷಣಾಲಯದಿಂದ ಸಿಕ್ಕ ರೇಖೆ ಅರ್ಧಕ್ಕಿಂತ ಕೆಳಗೆ ಹಠಾತ್ತನೆ ಕಡಿದಾಗಿತ್ತು. ಅದು ಮಬ್ಬಿನಿಂದಲೋ ಉಷ್ಣತೆಯ ಏರಿಳಿತದಿಂದಲೋ ಎಂಬ ವಾದ ಬಹುಕಾಲ ನಡೆಯಿತು. ತಳ ಅಷ್ಟು ಮುಖ್ಯ.

ಹಿಂದಿನ ಮತ್ತು ಮರುದಿನದ ರಾತ್ರಿ ನಕ್ಷತ್ರ, ಪ್ಲೂಟೊ ಬೇರೆಬೇರೆಯಾಗಿ ಕಾಣುತ್ತವೆ. ಆಗ ಅದೇ ಕ್ಯಾಮೆರಾದಲ್ಲಿ, ಆಕಾಶದ ಅದೇ ಎತ್ತರದಲ್ಲಿ ಎರಡರ ಬೆಳಕಿನ ಅನುಪಾತ ಅಳೆಯುತ್ತೇನೆ. ಎತ್ತರ ಬದಲಾದರೆ ಫಿಲ್ಟರ್ ಇಲ್ಲದ ಅಳತೆಯಲ್ಲಿ ಕೆಂಪು ನಕ್ಷತ್ರ, ಪ್ಲೂಟೊ ಒಂದೇ ಪ್ರಮಾಣದಲ್ಲಿ ಮಂಕಾಗುವುದಿಲ್ಲ. ಪ್ಲೂಟೊ 6.4 ದಿನಕ್ಕೊಮ್ಮೆ ತಿರುಗುವಾಗ ಅದರ ಕಾಂತಿಯೂ ಬದಲಾಗುತ್ತದೆ. ಹಾಗಾಗಿ ಮೂರು ದಿನ ಬಿಟ್ಟು ಅಳೆದದ್ದು ಉಪಯೋಗಕ್ಕೆ ಬಾರದು.

ಇಳಿಜಾರಿನ ಮೇಲೆ ಚೂಪಾದ ಮುಳ್ಳುಗಳು ಕಂಡರೆ ಸರಾಸರಿ ಹಾಕಿ ಸವರಬೇಡಿ. ಪಕ್ಕದ ಹೋಲಿಕೆ ನಕ್ಷತ್ರವೂ ಅದೇ ಫ್ರೇಮ್‌ನಲ್ಲಿ ಜಿಗಿದಿದ್ದರೆ ಅದು ನಮ್ಮ ಮೋಡದ್ದು. ಅದು ಸುಮ್ಮನಿದ್ದು, ಮುಳ್ಳು ನಾಲ್ಕೈದು ಫ್ರೇಮ್ ಉಳಿದು, ಬೇರೆ ಕಡೆಯಿಂದ ನೋಡಿದವರ ರೇಖೆಯಲ್ಲೂ ಕಾಣಿಸಿದರೆ, ಪ್ಲೂಟೊ ವಾಯುಮಂಡಲದ ಅಲೆ ನಿಮ್ಮ ಕೈಗೆ ಸಿಕ್ಕಿದೆ.