ಅತ್ತೆಯ ವಾಟಗಾ ಗ್ರಾಮಿಗೆ ಇಳಿದದ್ದು: ನನ್ನ ಅನುಭವ

"ತಕ್ಕಡಿ ಹಿಡಕೊಂಡು ಕುಂತ್ರ ಹೋಳಿಗಿ ಆಗ್ತಾವೇನ?" ಎರಡು ವರ್ಷದ ಹಿಂದೆ ಅತ್ತೆ ಕೇಳಿದ ಮಾತಿದು. ಧಾರವಾಡದ ನಮ್ಮ ಮನೆಯಿಂದ ಶೇಂಗಾ ಹೋಳಿಗೆ, ಚಟ್ನಿಪುಡಿ ಆರ್ಡರ್ ಮೇಲೆ ಮಾಡಿಕೊಡುತ್ತೇವೆ. ಅತ್ತೆ ಮಾಡಿದ ದಿನ ಒಂದು ರುಚಿ, ನಾನು ಮಾಡಿದ ದಿನ ಇನ್ನೊಂದು. ಅಳತೆಗೆ ಬಳಸುವ ಬಟ್ಟಲು, ಅಂದರೆ ವಾಟಗಾ ಬಿಟ್ಟು ಗ್ರಾಮಿಗೆ ಹೋಗಲೇಬೇಕಿತ್ತು.

ಮೊದಲು ಕಪ್ಪಿನ ಅಳತೆಯನ್ನು ಗ್ರಾಮಿಗೆ ಇಳಿಸುವ ಒಂದು ಸಿದ್ಧ ಪಟ್ಟಿ ಹಿಡಿದೆ. ಅದರ ಕಪ್ಪು 240 ಮಿಲಿ. ನಮ್ಮ ವಾಟಗಾಕ್ಕೆ ನೀರು ತುಂಬಿ ತೂಗಿದರೆ 180 ಗ್ರಾಂ, ಅಂದರೆ ಸರಿಯಾಗಿ ಮುಕ್ಕಾಲು. ಲೆಕ್ಕ ಸರಿಯಿತ್ತು, ಹೋಳಿಗೆ ಸರಿ ಬರಲಿಲ್ಲ. ಒಂದು ಕುಬಸಕ್ಕೆ (ಸೀಮಂತಕ್ಕೆ) ಮಾಡಿದ 150 ಹೋಳಿಗೆಯಲ್ಲಿ ಅರ್ಧಕ್ಕರ್ಧ ಹಂಚಿನ ಮೇಲೆಯೇ ಒಡೆದು, ಬೆಲ್ಲ ಸೋರಿ ಕರಕಾದವು. ಸಾವಿರದ ಐನೂರು ರೂಪಾಯಿಯಷ್ಟು ವಾಪಸ್ ಕೊಟ್ಟೆ, ಸಾಮಾನಿನ ಖರ್ಚು ಬೇರೆ.

ಆ ರಾತ್ರಿ ಹೊಳೆದದ್ದು ಇಷ್ಟು: ತೂಗಬೇಕಾದದ್ದು ವಾಟಗಾ ಅಲ್ಲ, ಅತ್ತೆಯ ಕೈ. ಮರುದಿನದಿಂದ ಡಬ್ಬಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿದೆ. ಅತ್ತೆ ತಮ್ಮ ರೂಢಿಯಂತೆ ತೋಡಿಕೊಂಡರು, ಎಷ್ಟು ಕಡಿಮೆಯಾಯಿತೋ ಅಷ್ಟನ್ನು ಬರೆದುಕೊಂಡೆ. ಅಂಕಿ ಅವರ ಕಣ್ಣಿಗೆ ಬೀಳದಂತೆ ತಕ್ಕಡಿಯ ಮುಖ ನನ್ನ ಕಡೆ ತಿರುಗಿಸಿದ್ದೆ. ಬಿದ್ದರೆ ಕೈ ಬಿಗಿಯಾಗುತ್ತದೆ. ಹತ್ತು ಹನ್ನೆರಡು ಸಲ ಹೀಗೆ ತೂಗಿದ ಮೇಲೆ ತಿಳಿಯಿತು. ಅವರು ಕೆರೆದ ಬೆಲ್ಲ ಹಗುರಾಗಿ ಸುರಿಯುತ್ತಾರೆ, ವಾಟಗಾಕ್ಕೆ 130 ಗ್ರಾಂ ಆಸುಪಾಸು. ಪಟ್ಟಿಯ ಬೆಲ್ಲ ಒತ್ತಿ ತುಂಬಿದ್ದು, 165. ಶೇಂಗಾ ಪುಡಿಗೆ ಇದರ ಉಲ್ಟಾ: ಅತ್ತೆ ವಾಟಗಾ ಕುಟ್ಟಿ ಕುಟ್ಟಿ 115ರ ತನಕ ತುಂಬುತ್ತಾರೆ, ಪಟ್ಟಿಯಲ್ಲಿ 90 ಇತ್ತು. ಬೆಲ್ಲ ಹೆಚ್ಚು, ಶೇಂಗಾ ಕಡಿಮೆ. ಹೂರಣ ನಿಲ್ಲುವುದಾದರೂ ಹೇಗೆ?

ಸಕ್ಕರೆ, ಎಣ್ಣೆಗೆ ಈ ತೊಂದರೆಯಿಲ್ಲ. ಯಾರು ತುಂಬಿದರೂ ಸಕ್ಕರೆ 150, ಎಣ್ಣೆ 165ರ ಸುತ್ತಲೇ. ಮೋಸವೆಲ್ಲ ಪುಡಿಗಳದ್ದು. ಬ್ಯಾಡಗಿ ಖಾರದ ಪುಡಿಯನ್ನೂ, ಗಿರಣಿಯಿಂದ ಬಿಸಿಬಿಸಿ ತಂದ ಜೋಳದ ಹಿಟ್ಟನ್ನೂ ಹಾಗೇ ತೂಗಿ ನೋಡಿದೆ. ಅದೇ ಹಿಟ್ಟು ಮರುದಿನ ಡಬ್ಬಿಯಲ್ಲಿ ಕುಳಿತ ಮೇಲೆ ವಾಟಗಾಕ್ಕೆ ಹತ್ತು ಹದಿನೈದು ಗ್ರಾಂ ಹೆಚ್ಚು ತೂಗಿತು. ಕಣಕದ ನೀರನ್ನು ಮಾತ್ರ ಇವತ್ತಿಗೂ ತೂಗುವುದಿಲ್ಲ, ಅದು ಹಿಟ್ಟು ಕೇಳಿದಷ್ಟು.

ಹತ್ತು ಕಿಲೋದ ತಕ್ಕಡಿಗೆ 1,200 ಕೊಟ್ಟ ನೆನಪು. ಏಲಕ್ಕಿ, ಉಪ್ಪು ಅದಕ್ಕೆ ತಿಳಿಯುವುದೇ ಇಲ್ಲ. ಮೊದಮೊದಲು ಹತ್ತು ಚಮಚ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸುತ್ತಿದ್ದೆ, ಆಮೇಲೆ ನಾನೂರು ರೂಪಾಯಿಯ ಸಣ್ಣದೊಂದು ತಂದೆ. ಅದರ ಮುಂದೆ ಫ್ಯಾನ್ ಹಚ್ಚಬೇಡಿ, ಅಂಕಿ ಕುಣಿಯುತ್ತದೆ.

ಮಳೆಗಾಲದಲ್ಲಿ ಬೆಲ್ಲ ನೀರೆಳೆದುಕೊಳ್ಳುತ್ತದೆ. ಆಗ ತೂಕ ಎಷ್ಟು ಬದಲಿಸುತ್ತೇನೆ, ಬದಲಿಗೆ ಹೂರಣಕ್ಕೆ ಏನು ಸೇರಿಸುತ್ತೇನೆ ಎಂಬುದನ್ನು ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಕಳೆದ ದೀಪಾವಳಿಗೆ ಆರುನೂರರಷ್ಟು ಹೋಳಿಗೆ ಹೋದವು. ಅತ್ತೆ ಊರಲ್ಲಿರಲಿಲ್ಲ, ಸಹಾಯಕ್ಕೆ ಬಂದ ಹುಡುಗಿಯರಿಬ್ಬರು ತೂಗಿ ತೂಗಿ ಹೂರಣ ಕಲೆಸಿದರು. ಒಡೆದದ್ದು ಹತ್ತೂ ಇರಲಿಕ್ಕಿಲ್ಲ. ತಿರುಗಿ ಬಂದ ಅತ್ತೆ ಒಂದು ಮುರಿದು ಬಾಯಿಗೆ ಹಾಕಿಕೊಂಡರು, ಇನ್ನೊಂದನ್ನೂ ತಿಂದರು. ಮರುದಿನ ಗುರೆಳ್ಳಿನ ಡಬ್ಬಿಯನ್ನು ತಾವೇ ತಂದು ತಕ್ಕಡಿಯ ಮೇಲಿಟ್ಟರು.