ಸೊಳ್ಳೆ ಜಾಲರಿಗೆ ಸಣ್ಣ ಮೊಳೆ ಹೊಡೆಯುವುದು

ತೀರ್ಥಹಳ್ಳಿ ಕಡೆಯ ಹಳೆಯ ಮನೆಗಳಿಗೆ ಸೊಳ್ಳೆ ಜಾಲರಿ ಹೊಡೆಯಲು ಹೋದಾಗಲೆಲ್ಲ ನೋಡುತ್ತೇನೆ: ತೆಳ್ಳಗಿನ ಜಾಲರಿಗೆ ಎರಡು ಇಂಚಿನ ಮೊಳೆ, ಪಕ್ಕದಲ್ಲೇ ಉದ್ದಕ್ಕೂ ಸೀಳು ಬಿಟ್ಟ ಚೌಕಟ್ಟು. ದೊಡ್ಡ ಮೊಳೆಯೇ ಗಟ್ಟಿ ಎಂಬ ನಂಬಿಕೆ ಅದೆಷ್ಟು ಒಳ್ಳೆಯ ಮರವನ್ನು ಹಾಳು ಮಾಡಿದೆಯೋ! ಆಚಾರಿಯಾದ ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಜಾಲರಿಗೆ ಅರ್ಧ ಇಂಚಿನ, ಅಗಲ ತಲೆಯ ಮೊಳೆ ಸಾಕು. ಅಂಚು ಮುಚ್ಚಲು ಅದರ ಮೇಲೆ ಕೂರಿಸುವ ಬೀಡಿಂಗ್ ಎಂಬ ತೆಳು ಮರದ ಪಟ್ಟಿಗೆ ತಲೆ ಇದ್ದೂ ಇಲ್ಲದಂತಿರುವ ತೆಳು ಮೊಳೆ ಬೇಕು. ಪಟ್ಟಿ ಕಾಲು ಇಂಚು ದಪ್ಪವಿದ್ದರೆ ಮೊಳೆ ಮುಕ್ಕಾಲು ಇಂಚು, ಅಂದರೆ ಮೂರರಷ್ಟು. ನಮ್ಮ ಮಳೆಗೆ ಸತುವಿನ ಲೇಪನವಿರುವ ಮೊಳೆಯನ್ನೇ ಕೇಳಿ ತನ್ನಿ. ಬರೀ ಕಬ್ಬಿಣದ್ದು ತುಕ್ಕು ಹಿಡಿದು ಮರಕ್ಕೆ ಕಪ್ಪು ಕಲೆ ಇಳಿಸುತ್ತದೆ.

ಜಾಲರಿಯನ್ನು ಸುತ್ತಲೂ ಒಂದು ಇಂಚು ಹೆಚ್ಚಿಗೆ ಕತ್ತರಿಸಿ ಅಂಚು ಮಡಚಿ. ಮೂಲೆಯಿಂದ ಶುರು ಮಾಡಿದರೆ ಸುಕ್ಕು ತಪ್ಪಿದ್ದಲ್ಲ. ಮೇಲ್ಗಡೆ ನಡುಮಧ್ಯೆ ಒಂದು ಮೊಳೆ, ಎಳೆದು ಹಿಡಿದು ಕೆಳಗೆ ಒಂದು, ಆಮೇಲೆ ಎಡಕ್ಕೆ, ಬಲಕ್ಕೆ. ಈ ನಾಲ್ಕನ್ನೂ ಅರ್ಧವಷ್ಟೇ ಇಳಿಸಿ. ಎಲ್ಲಾದರೂ ಜೋತು ಬಿದ್ದಿದ್ದರೆ ಕಿತ್ತು ಸರಿಪಡಿಸಬಹುದು. ಬಿಗಿ ಸರಿಯೆನಿಸಿದ ಮೇಲೆ ನಡುವಿನಿಂದ ಮೂಲೆಗಳತ್ತ ಎರಡೆರಡು ಇಂಚಿಗೊಂದು ಹೊಡೆಯುತ್ತಾ ಹೋಗಿ. ಎಲ್ಲವೂ ಮರದ ಒಂದೇ ಎಳೆಯ ಮೇಲೆ ಬೀಳದಂತೆ ಒಂದನ್ನು ತುಸು ಮೇಲೆ, ಇನ್ನೊಂದನ್ನು ತುಸು ಕೆಳಗೆ ಇಡಿ.

ಪಟ್ಟಿ ಸೀಳದಿರಲು ನನ್ನ ಅಪ್ಪ ಕಲಿಸಿದ ಉಪಾಯವಿದು. ಮೊಳೆಯನ್ನು ತಲೆಕೆಳಗಾಗಿ ಕಲ್ಲಿನ ಮೇಲೆ ನಿಲ್ಲಿಸಿ, ಚೂಪು ತುದಿಗೆ ಸುತ್ತಿಗೆಯಿಂದ ಒಂದು ಮೆಲು ಪೆಟ್ಟು ಕೊಡಿ. ಬೆರಳಿಗೆ ಸವರಿದರೆ ಚುಚ್ಚಬಾರದು, ಅಷ್ಟು ಮೊಂಡಾದರೆ ಸಾಕು. ಚೂಪು ಮೊಳೆ ಮರದ ನಾರನ್ನು ಬೆಣೆಯಂತೆ ಅಗಲಿಸುತ್ತದೆ. ಮೊಂಡು ಮೊಳೆ ನಾರನ್ನು ಜಜ್ಜಿ ತುಂಡರಿಸಿಕೊಂಡು ಒಳಗಿಳಿಯುತ್ತದೆ. ಪಟ್ಟಿಯ ತುದಿಯಿಂದ ಒಂದು ಇಂಚಾದರೂ ಒಳಗೆ ಹೊಡೆಯಿರಿ. ಹಳೆಯ ಮತ್ತಿ, ಹೊನ್ನೆ ಮರಗಳಿಗೆ ಇದೂ ಸಾಲದು. ಮೊಳೆಗಿಂತ ಸಣ್ಣ ಬಿಟ್‌ನಿಂದ ಮೊದಲು ತೂತು ಕೊರೆದು, ಮೊಳೆಗೆ ಸಾಬೂನು ಸವರಿ.

ಇಷ್ಟು ಗಿಡ್ಡ ಮೊಳೆಯನ್ನು ಬೆರಳಲ್ಲಿ ಹಿಡಿಯಬೇಡಿ. ಹಳೆಯ ಬಾಚಣಿಗೆಯ ಹಲ್ಲುಗಳ ನಡುವೆ ಸಿಕ್ಕಿಸಿದರೆ ನೆಟ್ಟಗೆ ನಿಲ್ಲುತ್ತದೆ. ಎರಡು ಪೆಟ್ಟಿಗೆ ಮೊಳೆ ಕಚ್ಚಿಕೊಳ್ಳುತ್ತದೆ, ಆಗ ಬಾಚಣಿಗೆ ತೆಗೆಯಿರಿ. ಕೊನೆಯ ಪೆಟ್ಟನ್ನು ಸುತ್ತಿಗೆಯಿಂದ ನೇರವಾಗಿ ಕೊಟ್ಟರೆ ಪಟ್ಟಿ ತಗ್ಗುತ್ತದೆ; ತಲೆಯ ಮೇಲೆ ತುದಿ ಮೊಂಡಾದ ದಪ್ಪ ಮೊಳೆಯೊಂದನ್ನು ಇಟ್ಟು ಕೂದಲೆಳೆಯಷ್ಟು ಒಳಗೆ ತಳ್ಳಿ. ಆ ಕುಳಿಗೆ ಅದೇ ಮರದ ಹೊಟ್ಟನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಿ, ಮರುದಿನ ಉಪ್ಪುಕಾಗದದಿಂದ ಉಜ್ಜಿ.